ಬರುತ್ತೇನೆ ಎನ್ನದೆ ಹೋದ ಬಿಷಪ್

ಸಿಡ್ನಿಯ ಎಪ್ಪಿಂಗ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯ ಶಮೀರಾಮ್ ಆಂಟಿ ಇರಾಕಿನ ಕ್ರೈಸ್ತರು. ಅವರ ಒಬ್ಬನೇ ತಮ್ಮ ತೋಮಾ ಇರಾಕಿನಲ್ಲೇ ಕ್ಯಾಥೊಲಿಕ್ ಬಿಷಪ್. ೨೦೦೫ರಲ್ಲಿ ಮೆಲ್ಬರ್ನ್‌ನ ಚರ್ಚೊಂದರ ಕೆಲಸಕ್ಕೆಂದು ಬಂದವರು ಅಕ್ಕನ ಮನೆಯಲ್ಲಿ ಒಂದು ವಾರ ಉಳಿದರು. ಅವರ ಊರಿನಲ್ಲಿ ಪಾದ್ರಿಗಳನ್ನು ಉಗ್ರರು ಹುಡುಕಿ ಕೊಲ್ಲುತ್ತಿದ್ದ ಕಾಲ. ಇಲ್ಲೇ ಇದ್ದುಬಿಡು ಎಂದು ಆಂಟಿ ಗೋಗರೆದರು, ವಕೀಲರನ್ನೂ ಗೊತ್ತುಮಾಡಿದರು. ಈ ಪುಣ್ಯಾತ್ಮ ನಗುತ್ತಾ ಚಹಾ ಕುಡಿಯುತ್ತಿದ್ದರು, ಅಷ್ಟೇ.

ಮರಳುವ ವಿಮಾನ ಮೆಲ್ಬರ್ನ್‌ನಿಂದ. ಅಲ್ಲಿಗೆ ಕಾರಿನಲ್ಲೇ ಹೋದರೆ ತಮ್ಮ ಇನ್ನೊಂದು ದಿನ ಪಕ್ಕದಲ್ಲಿರುತ್ತಾನೆ ಎಂಬುದು ಆಂಟಿಯ ಲೆಕ್ಕ. ಕಾರು ನನ್ನದು. ದಾರಿಯಲ್ಲಿ ತಡೆಯಲಾಗದೆ ಜಗಳಕ್ಕೇ ನಿಂತೆ. "ಅಕ್ಕನ ಕಣ್ಣೀರು ಕಾಣೂದಿಲ್ಲೇನು ನಿಮಗ?"

"ಅನಸೂಯಾ, ನಿಮ್ಮ ಧಾರವಾಡದಲ್ಲಿ ಕುರುಬರಿದ್ದಾರಾ?" ಎಂದರು.

"ಇದ್ದಾರ."

"ತೋಳ ಬಂತು ಅಂತ ಕುರಿಗಳಿಗಿಂತ ಮೊದಲು ಓಡಿದವನಿಗೆ ಅಲ್ಲಿ ಏನಂತಾರೆ?"



ಏರ್‌ಪೋರ್ಟಿನಲ್ಲಿ ಅಕ್ಕನನ್ನು ತಬ್ಬಿಕೊಂಡವರು "ಹೋಗ್ತೀನಿ" ಎಂದರು. ನಾನು ನಡುವೆ ಬಾಯಿ ಹಾಕಿದೆ.

"ಹಂಗನ್ನಬಾರದು. 'ಹೋಗಿ ಬರ್ತೇನಿ' ಅನಬೇಕು. ನಮ್ಮಲ್ಲಿ ಸಾವಿನ ಮನಿಯಾಗಷ್ಟ 'ಬರ್ತೇನಿ' ಅನ್ನೂದಿಲ್ಲ."

ಅವರು ಬ್ಯಾಗ್ ಎತ್ತಿಕೊಂಡರು. "ಅಕ್ಕನಿಗೆ ನಾನು ಯಾವತ್ತೂ ಸುಳ್ಳು ಹೇಳಿಲ್ಲ" ಎಂದು ತಿರುಗಿ ನಡೆದರು. ಆಂಟಿಗೆ ಅದು ಕೇಳಿಸಿತು.

ಮರುವರ್ಷ ರೋಗಿಯೊಬ್ಬರನ್ನು ನೋಡಲು ಹೊರಟಿದ್ದ ಅವರನ್ನು ಅಪಹರಿಸಿದರು. ಧರ್ಮ ಬಿಟ್ಟರೆ ಜೀವ ಉಳಿಸುತ್ತೇವೆ ಎಂದರಂತೆ, ಇವರು ಒಲ್ಲೆ ಎಂದರಂತೆ. ಬದುಕಿ ಬಂದ ಡ್ರೈವರ್ ಹೇಳಿದ ಮಾತು. ಹೆಣ ನದಿಯ ದಡದಲ್ಲಿ ಸಿಕ್ಕಿತು.

ಸಿಡ್ನಿ, ಮೆಲ್ಬರ್ನ್ ಎರಡೂ ಕಡೆಯಿಂದ ಜನ ಆಂಟಿಯ ಮನೆಗೆ ಬಂದು ಹುತಾತ್ಮ, ಸಂತ ಎಂದು ಕೈಮುಗಿದರು. ಅಡುಗೆಮನೆಯಲ್ಲಿ ಆಂಟಿ ನನ್ನ ತೋಳು ಹಿಡಿದುಕೊಂಡರು. "ಅವರಿಗೆಲ್ಲ ಸಂತ ಸಿಕ್ಕ. ನಾನು ಶೂ ಲೇಸ್ ಕಟ್ಟೋದು ಕಲಿಸಿದ ಹುಡುಗ ಎಲ್ಲಿ?"

ನನಗೂ ಅಳು ಬಂತು. ಎಲ್ಲರೂ ಹೋದ ಮೇಲೆ, ನಮ್ಮ ಪದ್ಧತಿಯಂತೆ ಏನೂ ಹೇಳದೆ ಚಪ್ಪಲಿ ಮೆಟ್ಟಿದೆ. ಆಂಟಿ ಬಾಗಿಲಿಗೆ ಅಡ್ಡ ನಿಂತರು.

"ನೀನೂ ಹೇಳಲ್ವಾ?"

ಶಾಸ್ತ್ರ ಸುಟ್ಟುಹೋಗಲಿ ಎನಿಸಿತು. "ಹೋಗಿ ಬರ್ತೇನ್ರಿ ಆಂಟಿ" ಎಂದೆ.

ಮನೆಗೆ ಹೋಗಿ ಗ್ಯಾಸ್ ಆರಿಸಿ, ಹಾಸಿಗೆ ಎತ್ತಿಕೊಂಡು ಆಗಲೇ ತಿರುಗಿ ಬಂದೆ. ಆಂಟಿ ತೆರೆದ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ಒಳಗೆ ಬಿಟ್ಟುಕೊಂಡರು. ಆಮೇಲೂ ಬಾಗಿಲು ಹಾಕದೆ, ನನ್ನ ಹಿಂದೆ ಇನ್ನೂ ಯಾರಾದರೂ ಬರುತ್ತಾರೇನೋ ಎಂದು ಕಾರಿಡಾರಿನತ್ತ ನೋಡುತ್ತಲೇ ಇದ್ದರು.