ಹೆಸರಿಲ್ಲದ ಎಂಟನೇ ಹಾಳೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಇರಲಿ. ಹತ್ತೊಂಬತ್ತು ವರ್ಷ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರಾಗಿ ಗಾಜು ತೊಳೆದವಳಿಗೆ ಕೋಪ ಬಾರದೆ ಇನ್ನೇನು ಬರುತ್ತದೆ? ಒಂದು ಸ್ಲೈಡು ಒಡೆದರೆ ಇಡೀ ತರಗತಿ ಗೋಡೆ ನೋಡುತ್ತದೆ, ಒಡೆದವರು ಮಾತ್ರ ಯಾರೂ ಇಲ್ಲ.

ನಮ್ಮದು ಪುಟ್ಟ ಖಾಸಗಿ ವಿಶ್ವವಿದ್ಯಾಲಯ. ಎರಡು ಕಟ್ಟಡ, ಒಂದು ಕ್ಯಾಂಟೀನು, ಎರಡನೇ ಮಹಡಿಯಲ್ಲೇ ನಿಂತುಬಿಡುವ ಒಂದು ಲಿಫ್ಟು. ಲ್ಯಾಬು ಇರುವುದು ಮೂರನೇ ಮಹಡಿಯಲ್ಲಿ! ಈ ಸಲ ಸಸ್ಯಶಾಸ್ತ್ರಕ್ಕೆ ಸೇರಿದವರು ಏಳೇ ಜನ. ಎಂಟು ಜನರಿಲ್ಲದಿದ್ದರೆ ಆ ವಿಷಯವನ್ನೇ ಮುಚ್ಚಬೇಕೆಂಬುದು ಇಲ್ಲಿಯ ನಿಯಮ. ತರಗತಿ ಶುರುವಾದ ನಾಲ್ಕನೇ ಶುಕ್ರವಾರ ಸಂಜೆ ನಾಲ್ಕೂವರೆಗೆ ಸೇರಿದವರ ಪಟ್ಟಿ ಮುಗಿಸುತ್ತಾರೆ. ಮುಚ್ಚಿದರೆ ಪಾಠ ಮಾಡುವ ಮೇಡಂ ಮನೆಗೆ, ಮಕ್ಕಳು ವಾಣಿಜ್ಯಕ್ಕೆ, ನಾನು ಹಾಸ್ಟೆಲಿನ ಕಸ ಗುಡಿಸಲಿಕ್ಕೆ.

ಒಂದು ತಿಂಗಳು ನನಗೆ ಅನ್ನ ಸೇರಲಿಲ್ಲ. ಮೇಡಂ ಮಾತ್ರ ತಣ್ಣಗಿದ್ದರು. ಕೇಳಿದರೆ, "ಎಲ್ಲಾ ಸರಿ ಇದೆ, ಬಿಡಿ" ಅನ್ನುತ್ತಿದ್ದರು. ತಲೆಯ ಮೇಲೆ ಕನ್ನಡಕ ಇಟ್ಟುಕೊಂಡು ಲ್ಯಾಬೆಲ್ಲ ಹುಡುಕುವ ಹೆಂಗಸು ಅವರು. ಎಲೆಯ ನರಗಳೆಲ್ಲ ಗೊತ್ತು, ಎದುರಿಗಿರುವವರ ಮುಖ ಗೊತ್ತಿಲ್ಲ.

ಅವರ ಹಾಜರಿಯೂ ಅಂಥದ್ದೇ. ಹೆಸರು ಕೂಗುವ ಅಭ್ಯಾಸವಿಲ್ಲ. ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಬಿಡಿಸಿ, ಕೊನೆಗೆ ಹಾಳೆಯನ್ನು ಬಾಗಿಲ ಬಳಿಯ ಟ್ರೇಗೆ ಹಾಕಬೇಕು. "ಚಿತ್ರ ಕೊಟ್ಟವರು ಹಾಜರು, ಮಿಕ್ಕವರು ನಿದ್ದೆ" ಎನ್ನುವುದು ಅವರ ಲೆಕ್ಕ. ವಾರಕ್ಕೊಮ್ಮೆ ಹಾಳೆಗಳನ್ನು ಎಣಿಸಿ, ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಕಚೇರಿಗೆ ಕಳಿಸುತ್ತಿದ್ದರು. ಆ ಚೀಟಿಯ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಾನು ಆ ಕೆಲಸ ಮಾಡುತ್ತಿದ್ದೆನೇ?

ಮಾಡಿದ್ದು ಇಷ್ಟು. ಹಳೆಯ ಅಭ್ಯಾಸಬಲದಿಂದ ನಾನು ಎಂಟು ಮೈಕ್ರೋಸ್ಕೋಪು ಜೋಡಿಸಿದ್ದೆ. ಸಿಂಕಿನ ಪಕ್ಕದ್ದು ಖಾಲಿ ಕೂತಿತ್ತು. ಇಣುಕಿದೆ. ಎಲೆಯ ಸಿಪ್ಪೆಯ ಮೇಲೆ ಪುಟ್ಟ ಪುಟ್ಟ ಪತ್ರರಂಧ್ರಗಳು, ಅಂದರೆ ಎಲೆ ಉಸಿರಾಡುವ ಬಾಯಿಗಳು. ಹತ್ತೊಂಬತ್ತು ವರ್ಷ ಬೇರೆಯವರಿಗೆ ತೋರಿಸಿದ್ದೆ, ಕೂತು ನೋಡಿರಲಿಲ್ಲ. ಪೆನ್ಸಿಲ್ ಹಿಡಿದು ಬಿಡಿಸಿದೆ. ಬಿಡಿಸಿದ ಮೇಲೆ ಎಸೆಯಲು ಮನಸ್ಸು ಬರಲಿಲ್ಲ. ಟ್ರೇಗೆ ತುರುಕಿದೆ, ಮುಂದಿನ ಎರಡು ವಾರವೂ ಹಾಗೇ ಮಾಡಿದೆ. ಸುಳ್ಳು ಯಾಕೆ ಹೇಳಲಿ, ನನ್ನ ಹಾಳೆಯ ಮೇಲೂ ಒಂದು ಸಲ ಕೆಂಪು ಶಾಯಿ ಬೀಳಲಿ ಅನ್ನುವ ಆಸೆ.

ಬಿತ್ತು. ತಿದ್ದಿದ ಹಾಳೆಗಳು ಟ್ರೇಗೇ ವಾಪಸು ಬರುತ್ತಿದ್ದವು. ಮೊದಲ ವಾರ: "ಹೆಸರು?" ಎರಡನೆಯ ವಾರ: "ಹೆಸರು ಬರೆಯಲು ಏನು ಕಷ್ಟ?" ಮೂರನೆಯ ವಾರ: "ಚಿತ್ರ ಬಹಳ ಚೆನ್ನಾಗಿದೆ. ಆದರೆ ಹೆಸರಿಲ್ಲದವರಿಗೆ ಅಂಕವಿಲ್ಲ." ಆ ಮೂರು ಹಾಳೆಗಳನ್ನೂ ಲ್ಯಾಬಿನ ಬೀರುವಿನಲ್ಲಿ ಬಚ್ಚಿಟ್ಟು, ಪದೇ ಪದೇ ತೆಗೆದು ಓದಿದೆ. ಕದ್ದು ಬೆಲ್ಲ ತಿಂದವಳ ಹಾಗೆ ಒಬ್ಬಳೇ ನಕ್ಕೆ.

ನಾಲ್ಕನೇ ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ರಿಜಿಸ್ಟ್ರಾರ್ ಮೆಟ್ಟಿಲು ಹತ್ತಿ ಬಂದರು. ಏನೇ ಬರೆದರೂ ಅದರ ಕೆಳಗೆ ಸ್ಕೇಲಿಟ್ಟು ಗೆರೆ ಎಳೆಯುವುದರಿಂದ ಅವರಿಗೆ 'ಸ್ಕೇಲು ಸಾರ್' ಅಂತಲೇ ಹೆಸರು. ಏದುಸಿರು ಬಿಡುತ್ತಾ ಮೂರು ಚೀಟಿಗಳನ್ನು ಮೇಜಿನ ಮೇಲಿಟ್ಟರು.

"ಮೇಡಂ, ನನ್ನ ಪಟ್ಟಿಯಲ್ಲಿ ಏಳು. ನಿಮ್ಮ ಚೀಟಿಯಲ್ಲಿ ಎಂಟು. ಮೂರು ವಾರವೂ ಎಂಟು! ಇಲ್ಲದ ವಿದ್ಯಾರ್ಥಿ ಎಲ್ಲಿಂದ ಬಂದ?"

ಮೇಡಂ ಕನ್ನಡಕ ಹುಡುಕಿದರು. "ಎಂಟು ಹಾಳೆ ಬಂದಿದೆಯಲ್ಲ ಸಾರ್. ಯಾರೋ ಹೊಸಬರು ಸೇರಿದ್ದಾರೆ ಅಂದ್ಕೊಂಡೆ."

"ತರಗತಿ ಉಳಿಸ್ಕೊಳ್ಳೋಕೆ ಸುಳ್ಳು ಸಂಖ್ಯೆ ಕೊಟ್ರಿ ಅಂತ ನಾನು ಬರೀಬೇಕಾಗುತ್ತೆ."

ಮೇಡಮ್ಮಿನ ಮುಖ ಸುಣ್ಣದಂತೆ ಬಿಳಿಚಿತು. ಇಪ್ಪತ್ತೆರಡು ವರ್ಷ ಪಾಠ ಮಾಡಿದ ಹೆಂಗಸಿನ ಮೇಲೆ ಸುಳ್ಳಿಯ ಪಟ್ಟ! ಅಯ್ಯೋ, ನನ್ನ ಕೈಗೆ ಬೆಂಕಿ ಹಾಕ! ಬಾಯಿ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ, ಮುಚ್ಚಿಕೊಂಡರೆ ಅವರ ಮಾನ ಹೋಗುತ್ತದೆ. ಕೈಯಲ್ಲಿದ್ದ ಬೀಕರನ್ನು ಸಿಂಕಿನಲ್ಲಿಟ್ಟೆ.

"ಅವರನ್ನು ಯಾಕೆ ಅಂತೀರಾ ಸಾರ್? ಎಂಟನೇ ಹಾಳೆ ನಂದು."

ಏಳು ಮಕ್ಕಳೂ ಒಟ್ಟಿಗೆ ತಿರುಗಿದರು. ನಾನು ಬೀರು ತೆಗೆದು ಮೂರೂ ಹಾಳೆಗಳನ್ನು ತಂದು ಹರಡಿದೆ. ನನ್ನ ಬಾಯಿ ಹೆದರಿದಾಗಲೇ ಹೆಚ್ಚು ಓಡುತ್ತದೆ. "ಖಾಲಿ ಕೂತಿತ್ತು, ಬಿಡಿಸಿದೆ. ಯಾರ ಗಂಟೂ ಕದ್ದಿಲ್ಲ. ಒಂದು ಹಾಳೆ, ಅರ್ಧ ಪೆನ್ಸಿಲ್. ತೆಗೆಯೋದಿದ್ರೆ ನನ್ನನ್ನು ತೆಗೀರಿ."

ಮೇಡಂ ನನ್ನನ್ನೇ ನೋಡುತ್ತಿದ್ದರು, ಮೊದಲ ಸಲ ನೋಡುವವರ ಹಾಗೆ. "ನೀವಾ? ಈ ಕಾವಲು ಕೋಶಗಳನ್ನು ಬಿಡಿಸಿದ್ದು ನೀವಾ?"

"ಹ್ಞೂಂ ಮೇಡಂ. ಬಾಯಿಯ ಎರಡೂ ಕಡೆ ತುಟಿ ಇದ್ದ ಹಾಗೆ ಇರ್ತವಲ್ಲ, ಅವೇ."

ಸ್ಕೇಲು ಸಾರ್ ಒಂದೊಂದೇ ಹಾಳೆ ಎತ್ತಿ ನೋಡಿದರು. ಕೆಂಪು ಶಾಯಿಯನ್ನೂ ಓದಿದರು.

"ನೀವು ಎಲ್ಲಿ ತನಕ ಓದಿದ್ದೀರಿ?"

"ಹನ್ನೆರಡನೇ ತರಗತಿ ಪಾಸು. ಆಮೇಲೆ ಮದುವೆ. ಅದೆಲ್ಲ ಈಗ ಯಾಕೆ ಸಾರ್?"

"ಇದಕ್ಕೆ." ಅವರು ಕಂಕುಳಲ್ಲಿದ್ದ ನಿಯಮಾವಳಿ ತೆಗೆದರು. ಆ ಪುಸ್ತಕವಿಲ್ಲದೆ ಅವರು ಕ್ಯಾಂಟೀನಿಗೂ ಹೋಗುವುದಿಲ್ಲ. "ನಿಯಮ ನಲವತ್ತೊಂದು. ಹನ್ನೆರಡನೇ ತರಗತಿ ಪಾಸಾದ ಯಾವುದೇ ನೌಕರರು ಶುಲ್ಕವಿಲ್ಲದೆ ಒಂದು ವಿಷಯಕ್ಕೆ ಸೇರಬಹುದು. ಈ ನಿಯಮ ಮಾಡಿ ಹದಿನೈದು ವರ್ಷ ಆಯ್ತು, ಒಬ್ಬರೂ ಬಂದಿಲ್ಲ. ನಾಲ್ಕೂವರೆಯೊಳಗೆ ನಿಮ್ಮ ಅಂಕಪಟ್ಟಿ ನನ್ನ ಮೇಜಿನ ಮೇಲಿರಬೇಕು. ಒಂದು ನಿಮಿಷ ತಡವಾದ್ರೂ ತಗೊಳ್ಳಲ್ಲ."

ಯಜಮಾನರಿಗೆ ಫೋನ್ ಮಾಡಿದೆ. ಅವರು ದರ್ಜಿ, ಹೊಲಿಗೆಯಂತ್ರದ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. "ಟ್ರಂಕಿನ ತಳದಲ್ಲಿದೆ! ನನ್ನ ಅಂಕಪಟ್ಟಿ!" ಎಂದು ಮೂರು ಮಹಡಿಗೂ ಕೇಳುವಂತೆ ಕೂಗಿದೆ. ನಾಲ್ಕೂ ಇಪ್ಪತ್ತಕ್ಕೆ ಬಂದರು, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದ್ದರು. "ತಗೋ. ಇಷ್ಟು ವರ್ಷ ನೀನು ಇದನ್ನ ಯಾಕೆ ಕಾಪಾಡಿಟ್ಟಿದ್ದೆ ಅಂತ ಇವತ್ತು ಗೊತ್ತಾಯ್ತು ನೋಡು" ಎಂದರು. ನನಗೆ ಅಳು ಬಂತು. ಅಳುತ್ತಲೇ ಕಚೇರಿಗೆ ಓಡಿದೆ.

ಸ್ಕೇಲು ಸಾರ್ ಗಡಿಯಾರ ನೋಡಿ, ಪಟ್ಟಿಯಲ್ಲಿ ಏಳರ ಕೆಳಗೆ ಎಂಟು ಎಂದು ಬರೆದು, ಗೆರೆ ಎಳೆದರು.

ಮುಂದಿನ ವಾರ ನಾನು ಸಿಂಕಿನ ಪಕ್ಕದಲ್ಲೇ ಕೂತೆ. ತರಗತಿ ಮುಗಿದ ಮೇಲೆ ಹಾಳೆಯ ಮೂಲೆಯಲ್ಲಿ ದೊಡ್ಡದಾಗಿ ಹೆಸರು ಬರೆದು, ಟ್ರೇಗೆ ಹಾಕದೆ ಮೇಡಮ್ಮಿನ ಕೈಗೇ ಕೊಟ್ಟೆ. ಅವರು ಕನ್ನಡಕ ಏರಿಸಿ, ಹೆಸರನ್ನು ಒಮ್ಮೆ ಮೆಲ್ಲಗೆ ಓದಿ, ಕೆಂಪು ಪೆನ್ನು ತೆಗೆದರು. ಹತ್ತಕ್ಕೆ ಏಳು.

"ಏಳಾ?" ನನ್ನ ಪಿತ್ತ ನೆತ್ತಿಗೇರಿತು. "ಹೆಸರಿಲ್ಲದಾಗ ಬಹಳ ಚೆನ್ನಾಗಿತ್ತು, ಹೆಸರು ಬರೆದ ಕೂಡಲೇ ಮೂರು ಅಂಕ ಹೋಯ್ತಾ?"

"ಆಗ ಯಾರೋ ಗೊತ್ತಿರಲಿಲ್ಲ. ಈಗ ನೀವು ನನ್ನ ವಿದ್ಯಾರ್ಥಿ. ಕೋಶದ ಗೋಡೆ ಎಲ್ಲಿ? ಭಾಗಗಳಿಗೆ ಹೆಸರೆಲ್ಲಿ? ಮತ್ತೆ ಬಿಡಿಸಿ."

ಗೊಣಗುತ್ತಾ ಎದ್ದು, ತೊಳೆಯಬೇಕಾದ ಸ್ಲೈಡುಗಳ ತಟ್ಟೆಗೆ ಕೈ ಚಾಚಿದೆ. ತರಗತಿಯ ಉದ್ದನೆಯ ಹುಡುಗಿ, ಒಡೆದಾಗಲೆಲ್ಲ ಗೋಡೆ ನೋಡುವವರಲ್ಲಿ ಮೊದಲಿನವಳು, ತಟ್ಟೆಯನ್ನು ಎಳೆದುಕೊಂಡಳು.

"ಅಕ್ಕಾ, ನೀವು ಬಿಡಿಸಿ. ಇವತ್ತು ನಾನು ತೊಳೀತೀನಿ."

"ಒಡೆದೀಯ, ಜೋಕೆ!" ಎಂದು ಗದರಿದೆ. ಆಮೇಲೆ ಕೂತು, ಹೊಸ ಹಾಳೆ ತೆಗೆದು, ಮೊದಲು ನನ್ನ ಹೆಸರು ಬರೆದೆ.