ಏಳನೇ ಕಡತದ ಗಡಿ

ಎರಡು ಕಪ್ಪುಕುಳಿಗಳು ತೀರಾ ಹತ್ತಿರ ಬಂದರೆ ಎರಡನ್ನೂ ಸೇರಿಸಿ ಸುತ್ತುವ ಒಂದೇ ಗಡಿ ಹುಟ್ಟುತ್ತದೆ. ಅದರೊಳಗೆ ಹೋದ ಬೆಳಕಿಗೂ ವಾಪಸು ಬರುವ ದಾರಿಯಿಲ್ಲ. ಕಂಪ್ಯೂಟರ್ ಲೆಕ್ಕದೊಳಗೆ ಆ ಗಡಿಯನ್ನು ಪತ್ತೆಹಚ್ಚುವ ಪ್ರೋಗ್ರಾಂ ಒಂದನ್ನು ವೀಬ್ಕೆ ಎರಡು ವರ್ಷ ಕೂತು ಬರೆದಿದ್ದಳು. ಆದರೆ ಅವಳು ಕೆಲಸ ಮಾಡುವ ಬ್ರೆಮೆನ್‌ನ ಸಂಶೋಧನಾ ಕಚೇರಿಯಲ್ಲಿ ಇದೇ ಕೆಲಸಕ್ಕೆ ಪ್ರೊಫೆಸರ್ ಓಸ್ಟರ್‌ಕಾಂಪ್ ಅವರ ಇಪ್ಪತ್ತಾರು ವರ್ಷದ ಹಳೇ ಪ್ರೋಗ್ರಾಂ ಕಲ್ಲುಗುಂಡಿನ ಹಾಗೆ ಕೂತಿತ್ತು.

ವಸಂತದಲ್ಲಿ ಶುರುವಾಗುವ ದೊಡ್ಡ ಲೆಕ್ಕಕ್ಕೆ ಎರಡರಲ್ಲಿ ಒಂದೇ ಸಾಕು. ಸೋತರೆ ವೀಬ್ಕೆಯ ಎರಡು ವರ್ಷ ನೀರುಪಾಲು. ತೀರ್ಪು ಕೊಡುವವಳು ಗುಂಪಿನ ಗಣಿತಜ್ಞೆ ಗುಡ್ರುನ್. ಇಬ್ಬರಿಗೂ ಕಪ್ಪುಕುಳಿ ಜೋಡಿಗಳ ಹತ್ತು ಕಡತ ಕೊಟ್ಟು, ಗಡಿ ಎಲ್ಲಿದೆ, ಎಲ್ಲಿಲ್ಲ ಎಂಬ ಉತ್ತರಗಳನ್ನು ಲಕೋಟೆಯಲ್ಲಿ ಅಂಟಿಸಿಟ್ಟಿದ್ದಳು.

ಒಂಬತ್ತು ಸಲೀಸಾಗಿ ಮುಗಿದವು. ಏಳನೆಯದಕ್ಕೆ ಮಾತ್ರ ವೀಬ್ಕೆಯ ಪ್ರೋಗ್ರಾಂ ‘ಗಡಿ ಇಲ್ಲ’ ಎಂದಿತು. ಇರಲಿ ಎಂದುಕೊಂಡು ಅವಳು ಊಟಕ್ಕೆ ಹೋದಳು.

“ಮೊಯಿನ್!” ಎಂದು ಆ ಊರಿನ ನಮಸ್ಕಾರ ಹೇಳಿ, “ಏಳನೇದು ಹೇಗಾಯ್ತಮ್ಮಾ?” ಎಂದರು ಪ್ರೊಫೆಸರ್, ಬೇಳೆ ಸೂಪಿಗೆ ಬ್ರೆಡ್ ಅದ್ದುತ್ತಾ.

“ಏನ್ ಮಹಾ, ಸಿಕ್ತು,” ಎಂದಳು ವೀಬ್ಕೆ. ಸಿಗಲಿಲ್ಲ ಎನ್ನಲು ಮನಸ್ಸಾಗದೆ ಹೇಳಿದ ಹಸಿ ಸುಳ್ಳು. “ನಿಮ್ದು?”

“ನಮ್ಮ ಮುದುಕ ಪ್ರೋಗ್ರಾಂ ಕಣ್ಣು ಮುಚ್ಕೊಂಡೇ ಹಿಡ್ದು ಹಾಕ್ದ.”

ವೀಬ್ಕೆ ಸೂಪನ್ನು ಅರ್ಧಕ್ಕೇ ಬಿಟ್ಟೆದ್ದಳು. ಮುದುಕನಿಗೆ ಸಿಕ್ಕಿದೆ ಎಂದರೆ ಗಡಿ ಅಲ್ಲಿ ಇದ್ದೇ ಇದೆ!

ಮೇಲೆ ಓಡಿದಳು. ಹುಡುಕಾಟ ಶುರುಮಾಡಲು ಪ್ರೋಗ್ರಾಂಗೆ ಅಂದಾಜಿನ ಒಂದು ಆಕಾರ ಕೊಡಬೇಕು. ಚೆಂಡು ಕೊಟ್ಟಳು, ಮೊಟ್ಟೆ ಕೊಟ್ಟಳು, ಕಡಲೆಕಾಯಿ ಕೊಟ್ಟಳು. ಜಪ್ಪಯ್ಯ ಅಂದರೂ ಇಲ್ಲ. ಕೊನೆಗೆ, ಎಷ್ಟು ತಪ್ಪಿದ್ದರೆ ಪರವಾಗಿಲ್ಲ ಎನ್ನುವ ಮಿತಿಗೇ ಕೈಹಾಕಿ ಸಡಿಲಿಸುತ್ತಾ ಹೋದಳು. ಹನ್ನೊಂದನೇ ಸಲಕ್ಕೆ ‘ಗಡಿ ಸಿಕ್ಕಿತು’ ಎಂದು ಬಂತು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವಳೇ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದಳು. ಉತ್ತರ ಕಳಿಸಿಬಿಟ್ಟಳು.

ನಾಲ್ಕು ಗಂಟೆಗೆ ಗುಂಪಿನವರೆಲ್ಲ ಸೇರಿ ಕಾಫಿ, ಸೇಬಿನ ಕೇಕು. ಗುಡ್ರುನ್ ಲಕೋಟೆ ಹರಿದಳು.

“ಏಳು: ಗಡಿ ಇಲ್ಲ. ಹುಟ್ಟೋಕೆ ಕೂದಲೆಳೆಯಷ್ಟು ಬಾಕಿ ಇರೋ ಹಾಗೆ ಇಟ್ಟಿದ್ದೆ. ನೀವಿಬ್ರೂ ಇದೆ ಅಂತ ಬರ್ದಿದೀರಿ. ಇಬ್ರಿಗೂ ಒಂಬತ್ತು.”

ವೀಬ್ಕೆಯ ಮುಖ ನಾಚಿಕೆಗೆ ಬಿಸಿಯಾಯಿತು. ಈಗ ಬಾಯಿ ಮುಚ್ಚಿಕೊಂಡರೆ ತಪ್ಪೆಲ್ಲ ಪ್ರೋಗ್ರಾಂನ ತಲೆಗೆ ಹೋಗುತ್ತದೆ. ಪಾಪ, ಅದು ಮೊದಲೇ ನಿಜ ಹೇಳಿತ್ತು.

“ಅದು ಇಲ್ಲ ಅಂತಲೇ ಹೇಳ್ತು,” ಎಂದಳು. “ನಾನೇ ಮಿತಿ ಸಡಿಲಿಸಿ ಹೌದು ಅನ್ನಿಸ್ದೆ. ಹನ್ನೊಂದು ಸಲ. ಎಲ್ಲಾ ಪ್ರೋಗ್ರಾಂನಲ್ಲೇ ದಾಖಲಾಗಿದೆ, ನೋಡಿ.”

“ಯಾಕೆ ಮಾರಾಯ್ತಿ?” ಎಂದಳು ಗುಡ್ರುನ್.

“ಇವ್ರು ಸಿಕ್ತು ಅಂದ್ರಲ್ಲಾ!”

ಪ್ರೊಫೆಸರ್ ಕೇಕನ್ನು ಕೆಳಗಿಟ್ಟರು. ಕಿವಿ ಕೆಂಪಾಗಿತ್ತು. “ನಂಗೂ ಊಟದ ಹೊತ್ತಿಗೆ ಸಿಕ್ಕಿರ್ಲಿಲ್ಲ ಕಣಮ್ಮಾ. ನೀನು ಸಿಕ್ತು ಅಂದ್ಯಲ್ಲ, ಆಮೇಲೆ ಹೋಗಿ... ಹುಡುಕ್ದೆ.”

ಕೋಣೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಡ್ರುನ್ ಮಾತ್ರ ನಗಲಿಲ್ಲ.

“ನಿಮ್ಮ ಮುದುಕ ಮೊದ್ಲು ಏನು ಹೇಳ್ದ ಅನ್ನೋದಕ್ಕೆ ದಾಖಲೆ ಇದ್ಯಾ, ಪ್ರೊಫೆಸರ್?”

“ಅವನ ಕಾಲದಲ್ಲಿ ಅವೆಲ್ಲ ಎಲ್ಲಿತ್ತು?”

“ಹಾಗಾದ್ರೆ ವೀಬ್ಕೇದೇ ಆಗ್ಲಿ. ಅದು ತನ್ನ ಯಜಮಾನಿ ಮಾಡಿದ ಕಳ್ಳತನಾನೂ ಬರ್ದಿಟ್ಟಿದೆ.” ವೀಬ್ಕೆ ಕುರ್ಚಿಯಿಂದ ಅರ್ಧ ಎದ್ದಿದ್ದಳು. “ತಡಿ. ಒಂದು ಷರತ್ತು. ದೊಡ್ಡ ಲೆಕ್ಕ ಮುಗಿಯೋ ತನಕ ನೀನು ಅದನ್ನ ಮುಟ್ಟೋ ಹಾಗಿಲ್ಲ.”

ಗೆದ್ದ ಖುಷಿಗೂ ನಾಚಿಕೆಗೂ ಒಟ್ಟಿಗೇ ಅವಳ ಕಣ್ಣು ತುಂಬಿತು. ಎರಡು ವರ್ಷ ಆ ಪ್ರೋಗ್ರಾಂ ಮೇಲೆ ಇನ್ನೊಬ್ಬರ ಕೈ ಬೀಳದಂತೆ ಕಾದವಳು, ಕೇಕಿನ ಕಾಗದದ ಮೇಲೆ ಪಾಸ್‌ವರ್ಡ್ ಬರೆದು ಗುಡ್ರುನ್ ಕೈಗೆ ಕೊಟ್ಟಳು.