ಸಾಹೇಬರ ಒಂಬತ್ತು

ತಿಕೋಟಾದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿಗೂ ಬಬಲೇಶ್ವರದ ಅಂಗಡಿಗೂ ಕ್ಲೌಡಿನಲ್ಲಿ ಒಂದೊಂದು ನೆಟ್‌ವರ್ಕ್ ಇದೆ. ಅವೆರಡನ್ನೂ ಜೋಡಿಸಿ ನೋಡಿಕೊಳ್ಳುವುದು ಜಲನಗರದ ನಮ್ಮ ಕಚೇರಿ. ಇಂದು ಬೆಳಿಗ್ಗೆಯಿಂದ ದಾಸ್ತಾನಿನ ಮಾಹಿತಿ ಅಂಗಡಿಗೆ ಬರುತ್ತಿರಲಿಲ್ಲ.

"ತಿಕೋಟಾದಾಗ ಕಂಪ್ಯೂಟರ್ ನೋಡ್ಕೊಂಡು ಕುಂತ ಆ ಪೂನಮ ಏನೋ ಕೆಡಿಸ್ಯಾಳ. ಸಂಜಿತನಕ ಸರಿಯಾಗಲಿಲ್ಲಂದ್ರ ಆಕಿನ್ನ ಕೆಲಸದಿಂದ ತಗೀತೀನಿ," ಎಂದು ಈ ಮೂರಕ್ಕೂ ಮಾಲೀಕರಾದ ಸಂಗನಬಸವ ಸಾಹೇಬರು ಗುಡುಗಿದರು. ಅವರಿಗೆ ಬರುವ ತಾಂತ್ರಿಕ ವಿದ್ಯೆ ಗುಡುಗುವುದೊಂದೇ.

ಮಾಹಿತಿ ಸಾಗುವ ದಾರಿಯನ್ನು ನಾನು ಕಂಪ್ಯೂಟರಿನಲ್ಲೇ ಹಿಡಿದು ನೋಡುತ್ತ ಹೋದೆ. ಮಾಹಿತಿ ಕಳಿಸಲೇ ಎಂದು ತಿಕೋಟಾದ ನೆಟ್‌ವರ್ಕ್ ಕೇಳುವ ಕರೆ ಬಬಲೇಶ್ವರ ಮುಟ್ಟುತ್ತಿತ್ತು. ಮರಳಿ ಬರಬೇಕಾದ ಉತ್ತರ ಮಾತ್ರ ತಿಕೋಟಾ ನೆಟ್‌ವರ್ಕಿನ ಹಳೆಯ ಅಂಕಿ-ವಿಳಾಸಕ್ಕೆ ಹೊರಟು ಕಳೆದುಹೋಗುತ್ತಿತ್ತು; ಉತ್ತರ ಬಾರದೆ ಮಾಹಿತಿ ಹೊರಡುತ್ತಿರಲಿಲ್ಲ. ನಿನ್ನೆ ಆ ವಿಳಾಸ ಬದಲಿಸಿದವರು ಯಾರೆಂದು ದಾಖಲೆ ತೆಗೆದು ನೋಡಿದರೆ, ಸ್ವತಃ ಸಾಹೇಬರು.

ಅವರನ್ನೇ ಕೇಳಿದೆ. "ಸರ್, ತಿಕೋಟಾದ ವಿಳಾಸ ಯಾಕ ಬದಲಿ ಮಾಡೀರಿ?"

"ನನಗ ಒಂಬತ್ತು ಕೂಡಿ ಬರ್ತೈತಿ ಅಂತ ಜ್ಯೋತಿಷ್ಯ ಹೇಳೋ ಗುರುಪಾದಯ್ಯನೋರು ಹೇಳ್ಯಾರವಾ. ಗಾಡಿ ನಂಬರೂ ಒಂಬತ್ತು, ಈಗ ನೆಟ್‌ವರ್ಕಿನ ವಿಳಾಸದಾಗೂ ಒಂಬತ್ತು."

"ಬಬಲೇಶ್ವರದ ಕಡೆ ತಿಕೋಟಾದ ಹಳೇ ವಿಳಾಸನ ಐತಲ್ರಿ."

"ಅಲ್ಲೂ ಬದಲಿ ಮಾಡಬೇಕೇನು?"

ಬಬಲೇಶ್ವರದ ಕಡೆ ನಾನೇ ತಿಕೋಟಾದ ಹೊಸ ವಿಳಾಸ ಹಾಕಿದೆ. ಮಾಹಿತಿ ಬರತೊಡಗಿತು. ಸಾಹೇಬರು ಮೀಸೆ ತಿರುವಿದರು.

"ನೋಡಿದೇನು? ಒಂಬತ್ತಂದ್ರ ಒಂಬತ್ತು! ಇರ್ಲಿ ಬಿಡು, ಪೂನಮನೂ ಇರ್ಲಿ."

"ಹೌದ್ರಿ ಸರ್," ಎಂದೆ, ಪೂನಮಳಿಗಾಗಿ.